ಐದು ಇಂಚು ಹೆಚ್ಚಿನ ಕೌದಿ

ಸಂಜೆ ಐದು ಗಂಟೆಯೊಳಗೆ ಮಾರ್ಟಾ ಒಂದು ಹೆಸರು ಬರೆಯಬೇಕಿತ್ತು, ಅಷ್ಟೇ. ಆ ಹೆಸರಿನವಳು ಎರಡು ಮಾರು ದೂರದಲ್ಲೇ ಬರಿಗಾಲಲ್ಲಿ ನಿಂತು ಗ್ಯಾರೇಜಿನ ಸಿಮೆಂಟು ನೆಲಕ್ಕೆ ನೀರು ಹೊಡೆದು ಪೊರಕೆಯಿಂದ ಉಜ್ಜುತ್ತಿದ್ದಳು. ಜೋಸಿ ಸ್ವೊಬೋಡಾ ಎಂದು ಫೋನಿನಲ್ಲಿ ಒತ್ತುವುದಕ್ಕೆ ಅರ್ಧ ನಿಮಿಷವೂ ಬೇಡ. ಆದರೆ ಮಾರ್ಚ್ ಒಂದರಿಂದ ಮೇ ತಿಂಗಳ ಈ ಕೊನೆಯ ಶುಕ್ರವಾರದವರೆಗೆ ಆ ಅರ್ಧ ನಿಮಿಷ ಮಾರ್ಟಾಗೆ ಸಿಕ್ಕಿರಲಿಲ್ಲ. ಕಾಲೇಜಿನವರು ಕೊಟ್ಟ ನಿಯಮ ಸರಳವಾಗಿತ್ತು. ಹೊಸದಾಗಿ ಸೇರುವವರು ತಮಗೆ ಬೇಕಾದ ಹಾಸ್ಟೆಲುಗಳನ್ನು ಒಂದು, ಎರಡು, ಮೂರು ಎಂದು ಗುರುತಿಸಬೇಕು; ಜೊತೆಗೆ ಯಾರು ಬೇಕೋ ಅವರ ಹೆಸರು ಬರೆಯಬೇಕು; ಇಬ್ಬರೂ ಒಬ್ಬರ ಹೆಸರನ್ನೊಬ್ಬರು ಬರೆದರೆ ಮಾತ್ರ ಒಂದೇ ಕೋಣೆ. ಒಬ್ಬರು ಬರೆದು ಇನ್ನೊಬ್ಬರು ಬರೆಯದಿದ್ದರೆ ಬರೆದವರ ಹೆಸರಿನ ಪಕ್ಕ ಒಂದು ಹಳದಿ ಚುಕ್ಕೆ ಕಾಯುತ್ತ ಕೂತಿರುತ್ತದೆ. ಐದು ಗಂಟೆಗೆ ಅದು ಅಳಿಸಿಹೋಗಿ, ಕಾಲೇಜಿನವರೇ ಯಾರೋ ಒಬ್ಬ ಅಪರಿಚಿತಳನ್ನು ಹುಡುಕಿ ಕೊಡುತ್ತಾರೆ. ಜೋಸಿ ಮಾರ್ಚ್ ಒಂದನೇ ತಾರೀಖು, ಪುಟ ತೆರೆದ ಮೊದಲ ಗಂಟೆಯಲ್ಲೇ ಮಾರ್ಟಾಳ ಹೆಸರು ಬರೆದಿದ್ದಳು. ಮೂರು ತಿಂಗಳಿಂದ ಆ ಹಳದಿ ಚುಕ್ಕೆ ಮಾರ್ಟಾಳ ಜೇಬಿನಲ್ಲಿ ಕಾಯುತ್ತಿತ್ತು.

ಬರೆಯದೆ ಇದ್ದದ್ದಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ಮೂರು ವಾರದ ಹಿಂದೆ ಶಾಲೆಯ ಬೀರು ಖಾಲಿ ಮಾಡುವಾಗ ಜೋಸಿ, ಬಾಗಿದವಳು ಬಾಗಿದ ಹಾಗೇ, "ನನ್ನ ಹೆಸರು ಹಾಕಿದ್ಯೇನೇ?" ಎಂದು ಕೇಳಿದ್ದಳು. "ಹಾಕ್ದೆ ಕಣೇ," ಎಂದಿತ್ತು ಮಾರ್ಟಾಳ ಬಾಯಿ. ಅವಳನ್ನು ಒಂದು ಮಾತು ಕೇಳದೆ ಬಾಯಿ ತಾನೇ ಹೇಳಿಬಿಟ್ಟಿತ್ತು. ಈಗ ಹೆಸರು ಹಾಕಿದರೆ ಆ ಕ್ಷಣವೇ ಜೋಸಿಯ ಫೋನಿಗೆ ಸಂದೇಶ ಹೋಗುತ್ತದೆ, ಇಂಥ ದಿನ ಇಂಥ ಗಂಟೆಗೆ ನಿಮ್ಮ ಗೆಳತಿ ಒಪ್ಪಿದ್ದಾರೆ ಎಂದು, ಸುಳ್ಳು ಬಯಲಾಗುತ್ತದೆ. ಹಾಕದಿದ್ದರೆ ಐದು ಗಂಟೆಗೆ ಹೇಗಿದ್ದರೂ ಬಯಲಾಗುತ್ತದೆ. ಸುಳ್ಳು ಹೇಳುವುದರಲ್ಲೂ ಇಷ್ಟು ದಡ್ಡತನ ತನ್ನೊಬ್ಬಳಿಗೇ ಸಾಧ್ಯ ಎಂದು ಅವಳಿಗೆ ನಗು ಬಂತು. ನಗುತ್ತಲೇ ಕೈಯಲ್ಲಿದ್ದ ಕತ್ತರಿ ತಪ್ಪಿ, ಕತ್ತರಿಸುತ್ತಿದ್ದ ಫೋಟೋದಲ್ಲಿನ ಜೋಸಿಯ ಕಿವಿ ಅರ್ಧ ಹಾರಿಹೋಯಿತು.

ಭಾನುವಾರ ಜೋಸಿಯ ಮನೆಯಲ್ಲಿ ಪದವಿಯ ಊಟ. ಹೈಸ್ಕೂಲು ಮುಗಿಸಿದ ಮಕ್ಕಳ ಮನೆಯವರು ಗ್ಯಾರೇಜು ತೊಳೆದು, ಮೇಜು ಹಾಕಿ, ಊರಿಗೆಲ್ಲ ಹ್ಯಾಮು ಬನ್ನು ಹಂಚಿ, ಮಗು ಹುಟ್ಟಿದಂದಿನಿಂದ ಇಲ್ಲಿಯವರೆಗಿನ ಫೋಟೋಗಳನ್ನು ದೊಡ್ಡ ರಟ್ಟಿಗೆ ಅಂಟಿಸಿ ಬಾಗಿಲಲ್ಲಿ ನಿಲ್ಲಿಸಲೇಬೇಕು. ಇಲ್ಲದಿದ್ದರೆ ಆ ಮಗು ಓದಿದ್ದೇ ಸುಳ್ಳು ಎನ್ನುವ ಊರು ಅದು. ಫೋಟೋ ಕತ್ತರಿಸುವ ಕೆಲಸ ಮಾರ್ಟಾಳ ಪಾಲಿಗೆ ಬಂದಿತ್ತು. ಮೂರರಲ್ಲಿ ಎರಡು ಫೋಟೋಗಳಲ್ಲಿ ಅವಳೂ ಇದ್ದಳು. ಎಡಗಡೆ ಅವಳು, ಬಲಗಡೆ ಜೋಸಿ. ಜೋಸಿಯ ಕೈ ಯಾವಾಗಲೂ ಮಾರ್ಟಾಳ ಮೊಣಕೈಯ ಮೇಲೆ. ಐದು ವರ್ಷದವರಿದ್ದಾಗಲೂ, ಹಲ್ಲಿಗೆ ತಂತಿ ಹಾಕಿಸಿಕೊಂಡಾಗಲೂ, ಮೊನ್ನೆ ಕಪ್ಪು ಟೋಪಿ ಹಾಕಿಕೊಂಡು ನಿಂತಾಗಲೂ ಕೈ ಅಲ್ಲೇ. ಈಜುಕೊಳದಲ್ಲಿ, ಅಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಮಾರ್ಟಾ ಒಬ್ಬಳೇ ಕಂಡರೆ ಜನ ಅವಳ ಯೋಗಕ್ಷೇಮ ಕೇಳುತ್ತಿರಲಿಲ್ಲ, "ಜೋಸಿ ಎಲ್ಲಿ?" ಎನ್ನುತ್ತಿದ್ದರು. ಮೇಷ್ಟ್ರುಗಳಿಗೆ ಇಬ್ಬರ ಹೆಸರೂ ಒಂದೇ ಉಸಿರಿನಲ್ಲಿ ಬರುತ್ತಿತ್ತು. ನಾಲ್ಕನೇ ಕ್ಲಾಸಿನಲ್ಲಿ ಚರ್ಚಿನ ಕ್ರಿಸ್ಮಸ್ ಕೊಟ್ಟಿಗೆಯ ಒಂಟೆ ಬೊಂಬೆಯ ಕಾಲು ಮುರಿದದ್ದು ಮಾರ್ಟಾ. ಪಾದ್ರಿಗಳು ಕೇಳುವ ಮೊದಲೇ ಜೋಸಿ ಮುಂದೆ ಬಂದು "ನಾವಿಬ್ರೂ ಮುರಿದ್ವಿ" ಎಂದಿದ್ದಳು. ಬೈಗುಳ ಅರ್ಧವಾಯಿತು ಎಂದು ಆಗ ಸಂತೋಷವಾಗಿತ್ತು. ಒಂಟೆಯನ್ನು ಮುರಿದದ್ದು ನಾನೇ, ನಾನೊಬ್ಬಳೇ ಎಂದು ಹೇಳುವ ಆಸೆ ಹುಟ್ಟಿದ್ದು ಬಹಳ ವರ್ಷಗಳ ಮೇಲೆ, ಹೇಳಿಕೊಳ್ಳಲು ಯಾರೂ ಉಳಿಯದಿದ್ದಾಗ.

"ಅದೇನೇ, ನನ್ನ ಕಿವಿ ಎಲ್ಲೇ?" ಜೋಸಿ ಪೊರಕೆಗೆ ಗಲ್ಲ ಊರಿ ಬಗ್ಗಿ ನೋಡುತ್ತಿದ್ದಳು.

"ಹಾರಿಹೋಯ್ತು."

"ಹೋಗ್ಲಿ ಬಿಡು. ಇನ್ನೊಂದಿದ್ಯಲ್ಲ." ಅವಳು ಮತ್ತೆ ನೆಲ ಉಜ್ಜತೊಡಗಿದಳು. ಎರಡು ನಿಮಿಷವಾದ ಮೇಲೆ, ತಿರುಗದೆ, "ಆ ಚುಕ್ಕೆ ಇನ್ನೂ ಹಳದಿನೇ ಇದೆ ಕಣೇ. ಬೆಳಿಗ್ಗೆ ನೋಡ್ದೆ. ಕಾಲೇಜಿನ ಕಂಪ್ಯೂಟರು ನಮ್ಮ ಅಪ್ಪನ ಟ್ರ್ಯಾಕ್ಟರಿನ ಹಾಗೆ, ಒದ್ರೇನೇ ಹೊರಡೋದು ಅಂತ ಕಾಣುತ್ತೆ," ಎಂದಳು.

ಮಾರ್ಟಾ "ಹೂಂ" ಎಂದಳು. ಜೋಸಿ ಒಂದು ಸಲವಾದರೂ ಅನುಮಾನಪಟ್ಟಿದ್ದರೆ, ಒಂದು ಕೊಂಕು ಮಾತಾಡಿದ್ದರೆ, ಜಗಳ ತೆಗೆದು ಬಾಯಿಗೆ ಬಂದದ್ದನ್ನೆಲ್ಲ ಹೇಳಿ ಮುಗಿಸಬಹುದಿತ್ತು. ಆದರೆ ಜೋಸಿಗೆ ತಪ್ಪೆಲ್ಲ ಯಂತ್ರದ್ದು. ಹೀಗೆ ನಂಬುವವರನ್ನು ಕಂಡರೆ ಒಮ್ಮೊಮ್ಮೆ ಮೈಯೆಲ್ಲ ಉರಿಯುತ್ತದೆ. ಉರಿದದ್ದಕ್ಕೆ ಮತ್ತೆ ನಾಚಿಕೆಯಾಗುತ್ತದೆ. ಅವಳು ಕಿವಿಯ ತುಂಡನ್ನು ನೆಲದಿಂದ ಹೆಕ್ಕಿ ಫೋಟೋಗೆ ಸೇರಿಸಿ ಅಂಟಿಸಲು ನೋಡಿದಳು. ಸಣ್ಣ ಗೆರೆಯೊಂದು ಉಳಿದೇ ಉಳಿಯಿತು.

ಅವಳಿಗೆ ಜೋಸಿ ಬೇಡವಾಗಿರಲಿಲ್ಲ. ಇದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದು ಬಾಗಿಲು, ಆ ಬಾಗಿಲ ಹಿಂದೆ ಯಾರಿದ್ದಾರೆಂದು ಗೊತ್ತಿಲ್ಲದಿರುವುದು. ಏಪ್ರಿಲಿನಲ್ಲಿ ಕಾಲೇಜು ನೋಡಲು ಹೋದಾಗ ಇದು ಅವಳಿಗೇ ಸ್ಪಷ್ಟವಾದದ್ದು. ಎರಡೂ ಮನೆಯವರು ಒಂದೇ ವ್ಯಾನಿನಲ್ಲಿ ಮೂರು ಗಂಟೆ ಪ್ರಯಾಣ ಮಾಡಿ ಹೋಗಿದ್ದರು. ಹಿಂದುಹಿಂದಕ್ಕೆ ನಡೆಯುತ್ತ ಮಾತಾಡುವ ಒಬ್ಬ ಹುಡುಗ ಎಲ್ಲರನ್ನೂ ಕರೆದುಕೊಂಡು ಹೋಗಿ ಮೊದಲು ಹೊಸ ಹಾಸ್ಟೆಲು ತೋರಿಸಿದ. ತಣ್ಣನೆ ಗಾಳಿ, ಕೋಣೆಗೊಂದು ಬಚ್ಚಲು. ತಾಯಂದಿರು ತಲೆದೂಗಿದರು. "ನಮ್ಮಿಬ್ರಿಗೂ ಇದೇ ಸರಿ, ನಿಂಗೆ ಸೆಕೆ ಆಗಲ್ಲ," ಎಂದಿದ್ದಳು ಜೋಸಿ. ಆಮೇಲೆ ಎಲ್ಡ್ರಿಜ್ ಎಂಬ ಹಳೆಯ ಕೆಂಪಿಟ್ಟಿಗೆಯ ಹಾಸ್ಟೆಲು. ನಾಲ್ಕು ಮಹಡಿ, ಮಹಡಿಗೊಂದು ಸಾಲು ಬಚ್ಚಲು, ಬೇಸಿಗೆಯಲ್ಲಿ ಬೆವರಿ ಸಾಯಬೇಕು. ಅಲ್ಲಿ ತೋರಿಸುವುದಕ್ಕೆಂದೇ ಒಂದು ಕೋಣೆ ಇಟ್ಟಿದ್ದರು, ಯಾರೂ ವಾಸವಿಲ್ಲದ್ದು, ದಿಂಬು ಕೂಡ ಸುಕ್ಕಿಲ್ಲದ್ದು. ಜೋಸಿ ತನ್ನ ಅಜ್ಜಿಯ ಹೊಲಿಗೆ ಪೆಟ್ಟಿಗೆಯ ಟೇಪು ತಂದಿದ್ದಳು. ಮಂಡಿಯೂರಿ ಮಂಚ ಅಳೆದು, "ಎಂಬತ್ತಿಂಚು ಬಂತು, ಮನೆ ಮಂಚಕ್ಕಿಂತ ಐದಿಂಚು ಜಾಸ್ತಿ. ಅಜ್ಜಿ ಹೇಳಿದ್ದು ನಿಜ. ಬರೀ ಹಾಸ್ಟೆಲಲ್ಲಿ ಮಾತ್ರ ಇಷ್ಟುದ್ದ," ಎಂದು ಅಂಗೈ ಮೇಲೆ ಬರೆದುಕೊಂಡಳು. ಎಲ್ಲರೂ ಟೇಪಿನ ಸುತ್ತ ನಿಂತಿದ್ದಾಗ ಮಾರ್ಟಾ ಮೆಲ್ಲಗೆ ಕಾರಿಡಾರಿಗೆ ಜಾರಿದಳು. ಯಾರದೋ ಪಾತ್ರೆಯಲ್ಲಿ ಏನೋ ಸೀದ ವಾಸನೆ. ಒಂದು ಬಾಗಿಲು ಬೂಟಿನ ಆಸರೆಯಲ್ಲಿ ಅರ್ಧ ತೆರೆದಿತ್ತು. ಒಳಗೆ ಒಬ್ಬಳು ನೆಲಕ್ಕೆ ಪತ್ರಿಕೆ ಹಾಸಿ, ಕುಕ್ಕುರುಗಾಲಲ್ಲಿ ಕೂತು, ತನ್ನ ಕೂದಲನ್ನು ತಾನೇ ಕತ್ತರಿಸಿಕೊಳ್ಳುತ್ತಿದ್ದಳು. ತಲೆಯೆತ್ತಿ ಮಾರ್ಟಾಳನ್ನು ನೋಡಿದವಳು ಬೆಚ್ಚಲಿಲ್ಲ, ಯಾರು ಎಂದೂ ಕೇಳಲಿಲ್ಲ.

"ಸ್ವಲ್ಪ ಆ ಕನ್ನಡಿ ಹಿಡೀತೀಯಾ? ಹಿಂದುಗಡೆ ಕಾಣಿಸ್ತಿಲ್ಲ."

ಮಾರ್ಟಾ ಹೋಗಿ ಹಿಡಿದಳು.

"ಸಮ ಇದ್ಯಾ?"

"ಎಡಗಡೆ ಸ್ವಲ್ಪ ಉದ್ದ."

ಅವಳು ಎಡಗಡೆ ಕತ್ತರಿಸಿದಳು. ಅಷ್ಟೇ ನಡೆದದ್ದು. ನೀನು ಯಾರ ಮಗಳು, ನಿನ್ನ ಜೊತೆಗಿರುವವಳು ಎಲ್ಲಿ ಎಂದು ಕೇಳದೆ, ಎಡಗಡೆ ಉದ್ದ ಎಂದ ಒಂದು ಮಾತನ್ನು ನಂಬಿ ಒಬ್ಬಳು ಕತ್ತರಿ ಆಡಿಸಿದ್ದು ಮಾರ್ಟಾಳ ಹದಿನೆಂಟು ವರ್ಷದಲ್ಲಿ ಅದೇ ಮೊದಲು. ಗೋಡೆಗೆ ಯಾವುದೋ ದೇಶದ ನಕ್ಷೆ ಅಂಟಿಸಿತ್ತು, ಇನ್ನೊಂದು ಮಂಚದ ಕೆಳಗೆ, ಪತ್ರಿಕೆಯ ಅಂಚಿನಲ್ಲಿ, ಇನ್ನೊಬ್ಬಳ ಒದ್ದೆ ಕಾಲುಚೀಲ ಇತ್ತು. ಈ ಇಬ್ಬರು ಹೋದ ವರ್ಷ ಒಬ್ಬರಿಗೊಬ್ಬರು ಗೊತ್ತೇ ಇರಲಿಲ್ಲವೇನೋ, ಈಗ ಒಬ್ಬಳ ಕೂದಲು ಇನ್ನೊಬ್ಬಳ ಕಾಲುಚೀಲದ ಮೇಲೆ ಬೀಳುತ್ತಿದೆ ಎಂದು ಅವಳು ಯೋಚಿಸಿದಳು. ವ್ಯಾನಿನಲ್ಲಿ ವಾಪಸು ಬರುವಾಗ ಮೂರು ಗಂಟೆಯೂ ಅದೇ ಯೋಚನೆ. ನನಗೆ ಯಾರು ಬರುತ್ತಾಳೆ? ಅವಳು ಕಿಟಕಿ ತೆರೆದು ಮಲಗುವವಳೋ, ಮುಚ್ಚುವವಳೋ? ನಿದ್ದೆಯಲ್ಲಿ ಮಾತಾಡಿದರೆ ಯಾವ ಭಾಷೆ? ನನ್ನನ್ನು ನೋಡಿ ಮೊದಲ ದಿನ ಏನು ಅಂದುಕೊಳ್ಳುತ್ತಾಳೆ? ಏನೂ ಗೊತ್ತಿಲ್ಲದವಳ ಕಣ್ಣಿಗೆ ನಾನು ಹೇಗೆ ಕಾಣುತ್ತೇನೆ? ಈ ಕೊನೆಯ ಪ್ರಶ್ನೆ ಬಂದಾಗ ಅವಳು ಕಿಟಕಿಯ ಗಾಜಿನಲ್ಲಿ ತನ್ನ ಮುಖ ನೋಡಿಕೊಂಡಿದ್ದಳು. ಪಕ್ಕದಲ್ಲಿ ಜೋಸಿ ಅವಳ ಮೊಣಕೈ ಹಿಡಿದು ನಿದ್ದೆ ಹೋಗಿದ್ದಳು.

ಇವತ್ತು ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಜೋಸಿಯ ಅಜ್ಜಿ ಲುಡ್ಮಿಲಾ ಕಾರಿನಿಂದಿಳಿದು ಎರಡು ಗಂಟುಗಳನ್ನು ತಂದು ಮೇಜಿನ ಮೇಲೆ ಧೊಪ್ಪೆಂದು ಹಾಕಿದಳು. ಎಂಬತ್ತು ದಾಟಿದ ಮುದುಕಿ, ಕಿವಿ ಮಂದ, ಬಾಯಿ ಚುರುಕು. ಗಂಟು ಬಿಚ್ಚಿದರೆ ಎರಡು ಕೌದಿ. ಹುಡುಗಿಯರು ಶಾಲೆಯಲ್ಲಿ ತೊಟ್ಟು ಬಿಟ್ಟ ಟೀ ಶರ್ಟುಗಳನ್ನೆಲ್ಲ ಚೌಕವಾಗಿ ಕತ್ತರಿಸಿ ಜೋಡಿಸಿದ್ದು. ಮಕ್ಕಳು ಮನೆ ಬಿಡುವ ವರ್ಷ ಆ ಕಡೆಯ ಅಜ್ಜಿಯರು ಇದನ್ನು ಹೊಲಿಯದಿದ್ದರೆ ಅವರಿಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ.

"ಹಿಡ್ಕೊಂಡು ನೋಡ್ರೇ. ಎಂಬತ್ತಿಂಚು, ಒಂದು ನೂಲೂ ಕಮ್ಮಿ ಇಲ್ಲ."

ಮಾರ್ಟಾ ಒಂದು ತುದಿ ಹಿಡಿದಳು, ಜೋಸಿ ಒಂದು ತುದಿ. ವಾಲಿಬಾಲಿನ ಹನ್ನೊಂದನೇ ನಂಬರು ಜೋಸಿಯದು. ಅದರ ಪಕ್ಕ ಈಜು ತಂಡದ ನೀಲಿ, ಮಾರ್ಟಾಳದು. ಅದರ ಕೆಳಗೆ ಜೋಸಿಯ ದನದ ಪ್ರದರ್ಶನದ ಹಸಿರು, ಮತ್ತೆ ಮಾರ್ಟಾಳ ಗಾಯನ ಶಿಬಿರ. ಇನ್ನೊಂದು ಕೌದಿಯೂ ಹಾಗೇ.

"ಅಜ್ಜೀ, ಎಲ್ಲಾ ಬೆರೆಸಿಬಿಟ್ಟಿದೀಯಲ್ಲ," ಎಂದಳು ಜೋಸಿ ಅವಳ ಕಿವಿಯ ಹತ್ತಿರ.

"ಮತ್ತೆ? ಯಾರದ್ದು ಯಾವ್ದು ಅಂತ ನಾನೆಲ್ಲಿ ನೋಡ್ಲಿ? ಎರಡು ಚೀಲ ಕೊಟ್ರಿ, ಒಂದು ರಾಶಿ ಹಾಕ್ಕೊಂಡೆ. ಹೆಂಗೂ ಇಬ್ರೂ ಒಂದೇ ಕೋಣೇಲಿ ಬಿದ್ಕೊಳ್ಳೋರು." ಅಜ್ಜಿ ಮಾರ್ಟಾಳ ಗಲ್ಲ ಹಿಡಿದೆತ್ತಿದಳು. "ಏನೇ ಪುಟ್ಟಿ, ಮುಖ ಯಾಕೆ ಸಪ್ಪಗಿದೆ? ಹಿಡಿಸ್ಲಿಲ್ವಾ?"

"ತುಂಬಾ ಚೆನ್ನಾಗಿದೆ ಅಜ್ಜಿ."

"ಐದಿಂಚು ಜಾಸ್ತಿ ಹಾಕಿದೀನಿ, ಗೊತ್ತಾಯ್ತಾ? ಮನೇಲಿರೋ ಯಾವ ಮಂಚಕ್ಕೂ ಆಗಲ್ಲ ಇದು. ನೆಲಕ್ಕೆ ಎಳೀತದೆ. ಅಲ್ಲಿಗೇ ತಗೊಂಡು ಹೋಗ್ಬೇಕು."

ಅಜ್ಜಿಯ ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಗುರುತುಗಳನ್ನು ಮಾರ್ಟಾ ನೋಡದೆ ಇರಲು ಪ್ರಯತ್ನಪಟ್ಟಳು. ಬಚ್ಚಲಿಗೆ ಹೋಗಿ ಈಗಲೇ ಹೆಸರು ಹಾಕಿಬಿಡೋಣ, ಸುಳ್ಳಿ ಎನಿಸಿಕೊಂಡರೂ ಪರವಾಗಿಲ್ಲ, ಈ ಮುದುಕಿಯ ಕಣ್ಣಿಗೆ ಮಣ್ಣೆರಚುವುದು ಬೇಡ ಎಂದುಕೊಂಡಳು. ಎದ್ದೂ ಎದ್ದಳು. ಅಷ್ಟರಲ್ಲಿ ಜೋಸಿಯ ತಾಯಿ ಡಾನಾ ಒಳಬಾಗಿಲಲ್ಲಿ ನಿಂತು, ಬನ್ನಿನ ತಟ್ಟೆ ಕೊಡುತ್ತ, "ಏ ಜೋಸಿ, ಇವತ್ತೇ ಅಲ್ವೇನೇ ಕೊನೇ ದಿನ? ಆ ಹಾಸ್ಟೆಲಿನ ಆಫೀಸಿಗೆ ಒಂದು ಫೋನ್ ಹಾಕಿ ಕೇಳಬಾರ್ದಾ? ಸುಮ್ನೆ ಕೂತ್ರೆ ನಿಮ್ಮಿಬ್ರನ್ನೂ ಎಲ್ಲೆಲ್ಲೋ ತಳ್ತಾರೆ ಅಷ್ಟೇ," ಎಂದು ಹೇಳಿ ಒಳಗೆ ಹೋದಳು. ಒಳಗೆ ಮಾರ್ಟಾಳ ತಾಯಿ ಕೊಲಾಚೆ ಎಂಬ ಸಿಹಿ ಬನ್ನಿಗೆ ಗಸಗಸೆ ಹೂರಣ ತುಂಬುತ್ತ ನಗುತ್ತಿದ್ದದ್ದು ಕೇಳಿಸುತ್ತಿತ್ತು.

ಜೋಸಿಯ ಕೈಯೆಲ್ಲ ಬೆಣ್ಣೆ. ಫೋನನ್ನು ಮೇಜಿನ ಮೇಲಿಟ್ಟು, ಕಿರುಬೆರಳಿನಿಂದ ಒತ್ತಿ, ಮಾತು ಹೊರಗೆ ಕೇಳುವ ಹಾಗೆ ಮಾಡಿದಳು. ಮಾರ್ಟಾ ಕತ್ತರಿ ಹಿಡಿದುಕೊಂಡು ನಿಂತೇ ಇದ್ದಳು. ಬೇಡ ಎನ್ನಲು ಬಾಯಿ ತೆರೆದಳು. ಯಾಕೆ ಎಂದು ಕೇಳಿದರೆ? ಬಾಯಿ ಮುಚ್ಚಿದಳು. ಆ ಕಡೆ ಹೆಂಗಸೊಬ್ಬಳ ಸಾವಧಾನದ ದನಿ ಹೆಸರು, ನಂಬರು ಕೇಳಿತು.

"ನನ್ನ ಫ್ರೆಂಡೂ ಹೆಸರು ಹಾಕಿದಾಳೆ ಮೇಡಂ, ಮೂರು ವಾರ ಆಯ್ತು. ಆದ್ರೂ ಹಳದಿನೇ ತೋರಿಸ್ತಿದೆ. ನಿಮ್ಮ ಕಂಪ್ಯೂಟರು ಏನಾದ್ರೂ..."

"ಒಂದು ನಿಮಿಷ ಇರಮ್ಮ." ಕೀಲಿ ಒತ್ತುವ ಸದ್ದು. "ಇಲ್ಲಮ್ಮ, ನಮ್ಮ ಕಡೆ ಏನೂ ತೊಂದರೆ ಇಲ್ಲ. ನಿನ್ನದು ಮಾರ್ಚ್ ಒಂದಕ್ಕೇ ಬಂದಿದೆ."

"ಹಾಗಾದ್ರೆ ಅವಳದ್ದು?"

"ಇನ್ನೊಬ್ಬರ ವಿಷಯ ನಾನು ಹೇಳೋ ಹಾಗಿಲ್ಲ. ಅವರನ್ನೇ ಕೇಳ್ಬಿಡು."

"ಅವಳು ಇಲ್ಲೇ ಇದಾಳೆ ಮೇಡಂ," ಎಂದಳು ಜೋಸಿ.

"ಹಂಗಿದ್ರೆ ಇನ್ನೂ ಸುಲಭ ಆಯ್ತಲ್ಲ."

ಜೋಸಿ ಮೊಣಕೈಯಿಂದ ಫೋನು ಆರಿಸಿದಳು. ಮಾರ್ಟಾ ಕತ್ತರಿಯನ್ನು ಮೇಜಿನ ಮೇಲಿಟ್ಟಳು. ಈಗ ಕೇಳುತ್ತಾಳೆ. ಕೇಳಲಿ, ಕೇಳಿದರೆ ಹೇಳಿಬಿಡುತ್ತೇನೆ, ಕನ್ನಡಿಯಿಂದ ಹಿಡಿದು ಒಂಟೆಯವರೆಗೆ ಎಲ್ಲ ಹೇಳಿಬಿಡುತ್ತೇನೆ. ಜೋಸಿ ಕೇಳಲಿಲ್ಲ. ಒಂದು ಬನ್ನು ತೆಗೆದುಕೊಂಡು ಸೀಳಿ, ಬೆಣ್ಣೆ ಸವರಿ, ಹ್ಯಾಮಿನ ಎರಡು ಹೋಳು ಇಟ್ಟು ಮುಚ್ಚಿದಳು. ಇನ್ನೊಂದು ತೆಗೆದುಕೊಂಡಳು. ಬೆಣ್ಣೆಯನ್ನು ಅಂಚಿನವರೆಗೂ ಸವರುವುದು ಅವಳ ಅಭ್ಯಾಸ, ಇವತ್ತೂ ಅಂಚಿನವರೆಗೆ ಸವರಿದಳು. ಅಜ್ಜಿಗೆ ಏನೂ ಕೇಳಿಸಿರಲಿಲ್ಲ. ಕೌದಿಯ ಮೂಲೆಯಲ್ಲಿ ಉಳಿದ ನೂಲನ್ನು ಹಲ್ಲಿನಿಂದ ಕಡಿಯುತ್ತಿದ್ದಳು. ಎಂಟನೇ ಬನ್ನಾದ ಮೇಲೆ ಡಾನಾ ಮತ್ತೆ ತಲೆ ಹಾಕಿದಳು.

"ಏನಂದ್ರೇ?"

"ಅವ್ರ ಕಡೆನೇ ಏನೋ ಕೆಟ್ಟಿದ್ಯಂತಮ್ಮ," ಎಂದಳು ಜೋಸಿ. "ಸಂಜೆಯೊಳಗೆ ಸರಿ ಮಾಡ್ತಾರಂತೆ."

ಆಮೇಲೆ ಕೈ ತೊಳೆದುಕೊಂಡು ಬರುತ್ತೇನೆಂದು ಒಳಗೆ ಹೋದಳು. ಬರುವುದಕ್ಕೆ ಹತ್ತು ನಿಮಿಷವಾಯಿತು. ಜೋಸಿಗೆ ಸುಳ್ಳು ಹೇಳಲು ಬರುತ್ತದೆಂದು ಮಾರ್ಟಾಗೆ ಗೊತ್ತಿರಲಿಲ್ಲ. ಆ ಒಂಟೆಯ ಸುಳ್ಳನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ, ಯಾಕೆಂದರೆ ಅದರಲ್ಲಿ ತಾನೂ ಇದ್ದಳು. ಇದರಲ್ಲಿ ಜೋಸಿ ಒಬ್ಬಳೇ. ಕಣ್ಣು ಕೂಡ ಮಿಟುಕಿಸದೆ ಹೇಳಿದಳಲ್ಲ, ಎಲ್ಲಿ ಕಲಿತಳು ಇದನ್ನು ಎಂದು ಮಾರ್ಟಾ ಬೆರಗಾದಳು. ಅಪಮಾನದ ಜೊತೆ ಜೊತೆಗೇ ಕುತೂಹಲವೂ ಆಯಿತು. ಆ ಹೊತ್ತಿನಲ್ಲಿ ಕುತೂಹಲವಾಗುವುದು ಸರಿಯಲ್ಲವೆಂದು ಗೊತ್ತಿದ್ದೂ ಆಯಿತು.

ನಾಲ್ಕಕ್ಕೆ ಚರ್ಚಿನ ನೆಲಮಾಳಿಗೆಯಿಂದ ಮಡಚುವ ಕುರ್ಚಿಗಳನ್ನು ತರಲು ಇಬ್ಬರನ್ನೂ ಕಳಿಸಿದರು. ಜೋಸಿ ಅಪ್ಪನ ಪಿಕಪ್ಪು ಓಡಿಸಿದಳು. ಎರಡೂ ಕಡೆ ಮೊಳಕೆಯೊಡೆದ ಜೋಳದ ಹೊಲ, ಕಿಟಕಿಯಿಂದ ಬಿಸಿ ಗಾಳಿ. ಯಾವಾಗಲೂ ಹಾಡು ಹಾಕುವವಳು ಇವತ್ತು ಹಾಕಲಿಲ್ಲ. ಕೊನೆಗೆ ಜೋಸಿಯೇ ಶುರು ಮಾಡಿದಳು, ರಸ್ತೆಯ ಮೇಲಿನ ಕಣ್ಣು ತೆಗೆಯದೆ.

"ಅವತ್ತು ಎಲ್ಡ್ರಿಜ್‌ನಲ್ಲಿ ಒಬ್ಬಳಿಗೆ ಕನ್ನಡಿ ಹಿಡ್ಕೊಂಡು ನಿಂತಿದ್ಯಲ್ಲ."

ಮಾರ್ಟಾ ಕಿಟಕಿಯಿಂದ ಇತ್ತ ತಿರುಗಿದಳು. "ನಿಂಗ್ಹೇಗೆ ಗೊತ್ತು?"

"ಹುಡುಕ್ಕೊಂಡು ಬಂದೆ. ಬಾಗಿಲ ಹತ್ರ ನಿಂತಿದ್ದೆ. ಟೇಪು ಕೈಯಲ್ಲೇ ಇತ್ತು."

"ಕರೀಬಾರ್ದಾಗಿತ್ತಾ?"

"ಕರಿಯೋಣ ಅಂತಿದ್ದೆ." ಜೋಸಿ ಗೇರು ಬದಲಿಸಿದಳು. "ನಿನ್ನ ಮುಖ ಬೇರೆ ಥರ ಇತ್ತು. ಅಷ್ಟು ವರ್ಷದಲ್ಲಿ ನಾನು ಆ ಮುಖ ನೋಡಿರ್ಲಿಲ್ಲ. ಸ್ವಲ್ಪ ಹೊತ್ತು ನೋಡೋಣ ಅನ್ನಿಸ್ತು."

ಅಷ್ಟು ಹೇಳಿ ಚರ್ಚಿನ ಹಿಂದೆ ಪಿಕಪ್ಪು ನಿಲ್ಲಿಸಿ, ಬೀಗದಕೈ ತರುತ್ತೇನೆಂದು ಪಾದ್ರಿಗಳ ಮನೆಯ ಕಡೆ ಹೊರಟಳು. ಗಂಟೆ ನಾಲ್ಕು ಇಪ್ಪತ್ತು. ಮಾರ್ಟಾ ಫೋನು ತೆಗೆದಳು. ಹೆಸರು ಹಾಕುತ್ತೇನೆ, ಹೊಸ ಹಾಸ್ಟೆಲಿಗೇ ಹೋಗುತ್ತೇನೆ, ತಣ್ಣಗಿನ ಕೋಣೆಯಲ್ಲಿ ನಾಲ್ಕು ವರ್ಷ ಮೊಣಕೈ ಕೊಟ್ಟುಕೊಂಡು ಕೂರುತ್ತೇನೆ, ಇಷ್ಟು ಒಳ್ಳೆಯವಳಿಗೆ ಇಷ್ಟೂ ಮಾಡದಿದ್ದರೆ ನಾನೆಂಥವಳು ಎಂದು ಪುಟ ತೆರೆದಳು. ಜೋಸಿಯ ಹೆಸರಿನ ಜಾಗ ಖಾಲಿಯಾಗಿತ್ತು. ಹಳದಿ ಚುಕ್ಕೆ ಇರಲಿಲ್ಲ. ಸಣ್ಣ ಅಕ್ಷರದಲ್ಲಿ ಒಂದೇ ಸಾಲು: ಕೋರಿಕೆಯನ್ನು ಹಿಂತೆಗೆದುಕೊಳ್ಳಲಾಗಿದೆ, ಇಂದು, 2.10. ಕೈ ತೊಳೆಯಲು ಹೋದ ಹೊತ್ತು.

ಮೂರು ತಿಂಗಳು ಬೇಡ ಬೇಡವೆಂದು ನೋಡಿದ ಚುಕ್ಕೆ ಈಗ ಇಲ್ಲವೆಂದ ಕೂಡಲೇ ಪುಟ ಮುಚ್ಚಿ ಮತ್ತೆ ತೆರೆದು ಹುಡುಕಿದಳು. ಬಯಸಿದ್ದು ಸಿಕ್ಕಿತಲ್ಲ, ಅಳುವುದು ಯಾಕೆ ಎಂದು ತನ್ನನ್ನೇ ಬೈದುಕೊಂಡಳು. ಪುಟದ ಕೆಳಗೆ ಇನ್ನೂ ಜೊತೆಗಾರರು ಸಿಗದವರ ಪಟ್ಟಿ ಇತ್ತು. ಯಾರ ಹೆಸರು ಒತ್ತಿದರೂ ಅವರು ತುಂಬಿದ ಪ್ರಶ್ನಾವಳಿ ತೆರೆಯುತ್ತಿತ್ತು. ಎಷ್ಟೋ ಮಧ್ಯಾಹ್ನ ಮಾರ್ಟಾ ಅಲ್ಲಿ ಅಪರಿಚಿತರ ಉತ್ತರಗಳನ್ನು ಕತೆಯ ಹಾಗೆ ಓದಿದ್ದಳು. ವಿಚಿತಾದ ಒಬ್ಬಳು ಹಲ್ಲಿ ಸಾಕಿದ್ದಳು, ಲಿಂಕನ್ನಿನ ಒಬ್ಬಳು ನಾಲ್ಕಕ್ಕೆ ಎದ್ದು ಓಡುತ್ತಿದ್ದಳು. ಜೋಸಿಯ ಹೆಸರು ಒಂದು ದಿನವೂ ಒತ್ತಿರಲಿಲ್ಲ. ಅವಳ ವಿಷಯ ಓದಿ ತಿಳಿಯುವುದೇನಿದೆ ಎಂದು. ಈಗ ಒತ್ತಿದಳು.

ಪ್ರಶ್ನಾವಳಿ ತುಂಬಿದ್ದು ಮಾರ್ಚ್ ಒಂದು. ಎಷ್ಟು ಹೊತ್ತಿಗೆ ಮಲಗುತ್ತೀರಿ? ಹತ್ತು. ಮಲಗುವಾಗ ದೀಪ? ಬೆಳಕಿದ್ದರೆ ನನಗೆ ನಿದ್ದೆ ಬರುವುದಿಲ್ಲ, ಆದರೆ ನನ್ನ ಗೆಳತಿಗೆ ಕತ್ತಲೆಂದರೆ ಭಯ, ಅಭ್ಯಾಸವಾಗಿದೆ. ಮಾರ್ಟಾ ಆ ಸಾಲನ್ನು ಇನ್ನೊಮ್ಮೆ ಓದಿದಳು. ಹನ್ನೆರಡು ವರ್ಷ, ಆ ಮನೆಯಲ್ಲಿ ಈ ಮನೆಯಲ್ಲಿ, ಒಂದೇ ಹಾಸಿಗೆಯಲ್ಲಿ, ತಾನು ದೀಪ ಹಾಕಿಕೊಂಡು ಗೊರಕೆ ಹೊಡೆದ ಅಷ್ಟೂ ರಾತ್ರಿ ಇವಳು ಕಣ್ಣು ಬಿಟ್ಟುಕೊಂಡು ಬಿದ್ದಿದ್ದಳೇ? ಕೋಣೆಯಲ್ಲಿ ಮಾತು? ನಾನು ಹೆಚ್ಚು ಮಾತಾಡುತ್ತೇನೆ ಎಂದು ಜನ ಹೇಳುತ್ತಾರೆ. ಒಬ್ಬಳೇ ಇದ್ದರೆ ಸುಮ್ಮನಿರುವುದು ಇಷ್ಟ. ನಿಮಗೆ ಯಾವುದು ಕಷ್ಟ? ಬೇಡ ಎನ್ನುವುದು. ಕೊನೆಯಲ್ಲಿ ಹಾಸ್ಟೆಲು. ಮೊದಲ ಆಯ್ಕೆ: ಎಲ್ಡ್ರಿಜ್. ಅದರ ಮುಂದೆ, ಬದಲಿಸಿದ್ದು ಇಂದು, 2.14. ಹೊಸ ಹಾಸ್ಟೆಲು ಬೇಕೆಂದದ್ದು ಯಾರ ಸೆಕೆಗಾಗಿ ಎಂದು ಮಾರ್ಟಾಗೆ ಆಗ ನೆನಪಾಯಿತು.

ಬೂಟಿನ ಆಸರೆಯಲ್ಲಿ ಅರ್ಧ ತೆರೆದ ಬಾಗಿಲಿಗಾಗಿ ಮಾರ್ಟಾ ಮೂರು ಗಂಟೆ ದೂರ ಹೋಗಿ ಬಂದಿದ್ದಳು. ಜೋಸಿಯ ಈ ಬಾಗಿಲು ಮಾರ್ಚಿನಿಂದ ತೆರೆದೇ ಇತ್ತು. ಇವಳ ಜೊತೆ ಇರಬೇಕು, ಈ ಸುಮ್ಮನಿರುವವಳ ಜೊತೆ, ಕತ್ತಲಲ್ಲಿ ಮಲಗುವವಳ ಜೊತೆ ಎಂದು ಮಾರ್ಟಾಗೆ ಎಷ್ಟು ಜೋರಾಗಿ ಅನಿಸಿತೆಂದರೆ ಆತುರದಲ್ಲಿ ಎರಡು ಸಲ ತಪ್ಪು ಅಕ್ಷರ ಬಿತ್ತು. ಮೂರನೇ ಸಲ ಸರಿಯಾಗಿ ಬರೆದು ಒತ್ತಿದಳು. ಈಗ ಹಳದಿ ಚುಕ್ಕೆ ಅವಳ ಹೆಸರಿನ ಪಕ್ಕ ಬಂದು ಕೂತಿತು. ಗಂಟೆ ನಾಲ್ಕು ಮೂವತ್ತೊಂದು.

ಜೋಸಿ ಬೀಗದಕೈ ಕುಣಿಸುತ್ತ ಬರುತ್ತಿದ್ದಳು. ಅರ್ಧ ದಾರಿಯಲ್ಲಿ ಅವಳ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ನಿಂತು, ತೆಗೆದು, ಓದಿದಳು. ಓದುವಾಗ ಬಿಸಿಲಿಗೆ ಕೈ ಅಡ್ಡ ಹಿಡಿದಿದ್ದರಿಂದ ಮುಖ ಕಾಣಲಿಲ್ಲ. ಫೋನನ್ನು ವಾಪಸು ಜೇಬಿಗೆ ಹಾಕಿಕೊಂಡು, ಬಂದು, ನೆಲಮಾಳಿಗೆಯ ಬಾಗಿಲು ತೆಗೆದಳು. "ಆ ಕಡೆ ಹಿಡ್ಕೋ," ಎಂದಳು. ಇಬ್ಬರೂ ನಲವತ್ತು ಕುರ್ಚಿ ಹೊತ್ತು ತಂದು ಹೇರಿದರು. ಮೆಟ್ಟಿಲಲ್ಲಿ ಜೋಸಿಯ ಬೆರಳು ಸಿಕ್ಕಿಹಾಕಿಕೊಂಡಾಗ ಮಾರ್ಟಾ "ನೋವಾಯ್ತಾ?" ಎಂದಳು. "ಸ್ವಲ್ಪ," ಎಂದಳು ಜೋಸಿ. ಯಾವಾಗಲೂ "ಇಲ್ವೇ ಇಲ್ಲ" ಎನ್ನುತ್ತಿದ್ದವಳು.

ವಾಪಸು ಬರುವಾಗ ರೈಲು ಗೇಟು ಬಿತ್ತು. ಗೋಧಿ, ಜೋಳ ಹೊರುವ ಗಾಡಿ, ಉದ್ದಕ್ಕೆ ಕೊನೆಯೇ ಇಲ್ಲ. ಜೋಸಿ ಎಂಜಿನ್ನು ಆರಿಸಿದಳು. ಗಂಟೆ ನಾಲ್ಕು ಐವತ್ತಮೂರು. ಸಣ್ಣವರಿದ್ದಾಗಿನಿಂದ ಇಬ್ಬರೂ ಇಲ್ಲಿ ಡಬ್ಬಿ ಎಣಿಸುತ್ತಿದ್ದರು, ಜೋಸಿ ಜೋರಾಗಿ, ಮಾರ್ಟಾ ಮನಸ್ಸಿನಲ್ಲಿ. ಇವತ್ತು ಯಾರೂ ಎಣಿಸಲಿಲ್ಲ. ಮಾರ್ಟಾ ಫೋನನ್ನು ತೊಡೆಯ ಮೇಲೆ ಬೆಳಕು ಮೇಲಾಗಿ ಇಟ್ಟುಕೊಂಡಿದ್ದಳು. ಚುಕ್ಕೆ ಹಳದಿಯೇ ಇತ್ತು. ಜೋಸಿ ಹೀಗೆ ಮೂರು ತಿಂಗಳು ಕಾದಿದ್ದಳು, ನಿಮಿಷ ನಿಮಿಷವೂ ಇದು ಹೀಗೆ ಕುತ್ತಿಗೆ ಹಿಡಿಯುತ್ತಿತ್ತೇ ಎಂದುಕೊಂಡಳು. ಕೇಳಬೇಕು, ಬೇಡಿಕೊಳ್ಳಬೇಕು, ಆದರೆ ಬೇಡ ಎನ್ನುವುದು ಕಷ್ಟ ಎಂದು ಬರೆದವಳನ್ನು ಬೇಡುವುದು ಹೇಗೆ? ಬೇಡಿದರೆ ಹೂಂ ಎಂದುಬಿಡುತ್ತಾಳೆ. ಅವಳು ತುಟಿ ಕಚ್ಚಿಕೊಂಡು ಕೂತಳು. ಬಹುಶಃ ಅವಳು ಜೋಸಿಗೆ ಮಾಡಿದ ಮೊದಲ ಉಪಕಾರ ಅದು. ಡಬ್ಬಿಗಳು ಗಡಗಡ ಹೋಗುತ್ತಲೇ ಇದ್ದವು. ಗಂಟೆ ನಾಲ್ಕು ಐವತ್ತೆಂಟು. ಐವತ್ತೊಂಬತ್ತು. ಚುಕ್ಕೆ ಬೂದಿ ಬಣ್ಣಕ್ಕೆ ತಿರುಗಿ, ಪುಟ ಮುಚ್ಚಿದೆ ಎಂಬ ಸಾಲು ಬಂತು.

ಗಾಡಿ ಮುಗಿದು ಗೇಟು ಎದ್ದರೂ ಜೋಸಿ ಎಂಜಿನ್ನು ಹಚ್ಚಲಿಲ್ಲ.

"ಓದ್ದೆ ಕಣೇ," ಎಂದಳು. "ಒತ್ಲಿಲ್ಲ."

"ಗೊತ್ತು."

"ಸಿಟ್ಟಿಗಲ್ಲ. ಮಧ್ಯಾಹ್ನ ಸಿಟ್ಟಿತ್ತು, ನಿಜ ಹೇಳ್ತೀನಿ. ನಿನ್ನ ಕಪಾಳಕ್ಕೆ ಬೆಣ್ಣೆ ಕೈಯಲ್ಲೇ ಒಂದು ಕೊಡೋಣ ಅನ್ನಿಸ್ತು. ಬಚ್ಚಲಿಗೆ ಹೋಗಿ ಹೆಸರು ತೆಗೆದ್ಮೇಲೆ..." ಅವಳು ಸ್ಟಿಯರಿಂಗಿನ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದಳು. "ಯಾರು ಬರ್ತಾರೋ ನೋಡೋಣ ಅಂತ ನಂಗೂ ಅನ್ನಿಸ್ಬಿ­ಡ್ತು. ನೀನು ಮಾತ್ರ ನೋಡ್ಬೇಕಾ?"

ಮಾರ್ಟಾ ಫೋನನ್ನು ತೊಡೆಯ ಮೇಲೆ ಮಗುಚಿಟ್ಟಳು. "ದೀಪದ ವಿಷಯ ಯಾಕೆ ಹೇಳ್ಲಿಲ್ಲ ನೀನು?"

"ಓದಿದ್ಯಾ?" ಜೋಸಿ ಮೊದಲ ಸಲ ಅವಳ ಕಡೆ ತಿರುಗಿದಳು. ಕಿವಿ ಕೆಂಪಗಾಗಿತ್ತು. "ಯಾವಾಗ ಓದ್ದೆ?"

"ಈಗ. ಚರ್ಚಿನ ಹತ್ರ."

"ಮೂರು ತಿಂಗಳಾದ್ಮೇಲೆ," ಎಂದು ಜೋಸಿ ನಕ್ಕಳು. ಆ ನಗುವಿನಲ್ಲಿ ಕೊಂಕಿರಲಿಲ್ಲ, ನಿಜವಾಗಿ ನಗು ಬಂದಿತ್ತು. ಹಿಂದಿನ ಗಾಡಿಯವನು ಹಾರನ್ನು ಹೊಡೆದ. ಜೋಸಿ ಎಂಜಿನ್ನು ಹಚ್ಚಿ ಹಳಿ ದಾಟಿದಳು. ಕುರ್ಚಿಗಳು ಹಿಂದೆ ಕಟಕಟ ಎಂದವು.

"ಅಜ್ಜಿಗೆ ಭಾನುವಾರದವರೆಗೆ ಹೇಳೋದು ಬೇಡ," ಎಂದಳು. "ನಿನ್ನ ಪಾಲಿನ ಕೌದಿ ನೀನು ತಗೊಂಡು ಹೋಗು. ಬೇರೆಲ್ಲೂ ಆಗಲ್ಲ ಅದು."

ಮಾರ್ಟಾ ಹೂಂ ಎಂದಳು. ಆಗಸ್ಟಿನಲ್ಲಿ ಯಾವುದೋ ಕೋಣೆಯಲ್ಲಿ, ಎಂಬತ್ತಿಂಚಿನ ಮಂಚದ ಮೇಲೆ ಅದನ್ನು ಹಾಸಿರುತ್ತಾಳೆ. ಹೆಸರು ಗೊತ್ತಿಲ್ಲದ ಒಬ್ಬಳು ಬಾಗಿಲು ತಳ್ಳಿಕೊಂಡು ಬಂದು, ಚೀಲ ಕೆಳಗಿಟ್ಟು, ಬಗ್ಗಿ ನೋಡಿ, ನೀನು ವಾಲಿಬಾಲ್ ಆಡ್ತಿದ್ಯಾ, ಈ ಹನ್ನೊಂದು ಯಾರದ್ದು ಎಂದು ಕೇಳೇ ಕೇಳುತ್ತಾಳೆ. ಏನು ಹೇಳಬೇಕೆಂದು ಮಾರ್ಟಾ ಆಗಲೇ ಮನಸ್ಸಿನಲ್ಲಿ ಜೋಡಿಸತೊಡಗಿದಳು. ಜೋಸಿ ಅಂತ, ನಮ್ಮೂರಿನವಳು. ಅಲ್ಲಿಗೆ ಮಾತು ನಿಂತಿತು. ಪಕ್ಕದಲ್ಲಿ ಜೋಸಿ ಸಿಕ್ಕಿಹಾಕಿಕೊಂಡಿದ್ದ ಬೆರಳನ್ನು ಬಾಯಲ್ಲಿಟ್ಟುಕೊಂಡು ಒಂದೇ ಕೈಯಲ್ಲಿ ಗಾಡಿ ಓಡಿಸುತ್ತಿದ್ದಳು. ಬೆಳಕಿದ್ದರೆ ಅವಳಿಗೆ ನಿದ್ದೆ ಬರುವುದಿಲ್ಲ ಎಂದು ಮಾರ್ಟಾ ಸೇರಿಸಿಕೊಂಡಳು.